ಗೂಡ್ಸ್ ಗಾಡಿಯಲ್ಲಿ ಬಂದ ಮಕ್ಕಳ ಡಾಕ್ಟ್ರು

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಆಗ ನಾನು ಮಾಕಳಿದುರ್ಗದ ಬೆಟ್ಟದ ಬುಡದಲ್ಲಿರುವ ಚಿಕ್ಕ ರೈಲ್ವೆ ಸ್ಟೇಷನ್ನಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದೆ. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸೂಲಿಬೆಲೆಯ ತವರುಮನೆಯಲ್ಲಿ ಹೆರಿಗೆಯಾಗಿ, ಮಗುವಿನ ನಾಮಕರಣಕ್ಕೂ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ನನಗೆ ಉಳಿದದ್ದು ಹೆಣ್ಣುಮಗು ಶಾರದೆ. ನನ್ನ ಅವ್ವ ಜೊತೆಯಲ್ಲಿದ್ದು ಕೂಸನ್ನು ಎತ್ತಿ ಆಡಿಸಿ ಕೂರುವಷ್ಟು ದೊಡ್ಡದು ಮಾಡಿದಳು. ಅಷ್ಟರಲ್ಲಿ ತುಮಕೂರಿನಲ್ಲಿದ್ದ ನನ್ನ ತಂಗಿಗೆ ಹೆರಿಗೆ ಹತ್ತಿರವಾಯಿತು. "ಅವಳಿಗಾದ್ರೂ ಯಾರವ್ರೆ ಹೇಳಪ್ಪ, ಬಾಣಂತನ ಮುಗಿಸ್ಕೊಂಡು ಬಂದ್ಬಿಡ್ತೀನಿ" ಎಂದು ಅವ್ವ ಹೊರಟಳು. ಕ್ವಾರ್ಟರ್ಸಿನಲ್ಲಿ ನಾನೂ ಮಗುವೂ ಇಬ್ಬರೇ ಆದೆವು.

ಆ ಸ್ಟೇಷನ್ನನ್ನು ನೋಡದವರಿಗೆ ಅಲ್ಲಿಯ ಒಂಟಿತನವನ್ನು ಹೇಳಿ ತಿಳಿಸುವುದು ಕಷ್ಟ. ಹಿಂದೆ ಕೋಟೆಯ ಬೆಟ್ಟ, ಮುಂದೆ ಹಳಿ, ಹಳಿಯಾಚೆ ರಾಗಿ, ಕಡಲೆಕಾಯಿ ಹೊಲಗಳು. ಊರು ಅನ್ನುವುದು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಇರಲಿಲ್ಲ. ಬೆಳಿಗ್ಗೆ ಒಂದು ಪ್ಯಾಸೆಂಜರ್, ಸಂಜೆ ಒಂದು ಪ್ಯಾಸೆಂಜರ್, ನಡುವೆ ನಿಲ್ಲದೆ ಹೋಗುವ ಗಾಡಿಗಳು. ಗಾಡಿ ಹೋದ ಮೇಲೆ ಅದರ ಸದ್ದು ಬೆಟ್ಟಕ್ಕೆ ಬಡಿದು ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಆಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಇಡೀ ದಿನ ನಾನು ಆಡಿದ ಮಾತೆಲ್ಲ ಪಕ್ಕದ ಸ್ಟೇಷನ್ನಿನವರ ಜೊತೆ ಫೋನಿನಲ್ಲಿ ಆಡಿದ್ದೇ ಆಗಿರುತ್ತಿತ್ತು, ಅದೂ ಗಾಡಿ ಬಿಟ್ಟೆ, ಗಾಡಿ ಬಂತು, ಅಷ್ಟೇ. ಕೆಲವು ಸಲ ಮಗು ಅಳಲು ಶುರುಮಾಡಿದರೆ, ಸದ್ಯ ಯಾರೋ ಮಾತಾಡಿದರಲ್ಲ ಅನ್ನಿಸುತ್ತಿತ್ತು.

ನಾನು ಡ್ಯೂಟಿಯಲ್ಲಿರುವಾಗ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಚೌಡಮ್ಮ, ಹಳಿ ಬದಲಿಸುವ ನಮ್ಮ ಪಾಯಿಂಟ್ಸ್‌ಮನ್ನನ ಹೆಂಡತಿ. ಒಳ್ಳೆಯ ಹೆಂಗಸು. ತನ್ನ ಮಕ್ಕಳು ದೊಡ್ಡವರಾಗಿದ್ದರಿಂದ ಶಾರದೆಯ ಮೇಲೆ ಜೀವ ಇಟ್ಟುಕೊಂಡಿದ್ದಳು.

ಒಂದು ಬೇಸಿಗೆಯ ಬೆಳಿಗ್ಗೆ ಚೌಡಮ್ಮ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಸ್ಟೇಷನ್ ಬಾಗಿಲಿಗೆ ಬಂದಳು.

"ಸ್ವಾಮಿ, ಕೂಸು ಕುಡಿದಿದ್ನೆಲ್ಲ ಕಕ್ಕತೈತೆ. ಕೆಳಕ್ಕೂ ನೀರು ನೀರಾಗಿ ಹೋಗ್ತಾ ಐತೆ. ದೃಷ್ಟಿ ತೆಗೆದು ಹಾಕ್ದೆ. ನಿಲ್ಲಲಿಲ್ಲ."

ಹಲ್ಲು ಬರುವ ಕಾಲ, ಅದಕ್ಕಿರಬೇಕು ಎಂದುಕೊಂಡೆ. ಆದರೆ ಬಿಸಿಲು ಏರುವ ಹೊತ್ತಿಗೆ ಮಗು ಅಳುವುದನ್ನೂ ನಿಲ್ಲಿಸಿತು. ಕಣ್ಣು ಒಳಕ್ಕೆ ಹೋಗಿತ್ತು. ನೆತ್ತಿ ಮುಟ್ಟಿ ನೋಡಿದರೆ ಬೆರಳು ಇಳಿಯುವಷ್ಟು ಗುಳಿ ಬಿದ್ದಿತ್ತು. ಚೌಡಮ್ಮನ ಮುಖ ನೋಡಿದೆ. ಅವಳು ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. 

ಎತ್ತಿಕೊಂಡು ಓಡೋಣ ಎಂದರೆ ಎಲ್ಲಿಗೆ ಓಡುವುದು? ನಮ್ಮ ಸ್ಟೇಷನ್ ಮಾಸ್ಟರು ರಜೆಯ ಮೇಲಿದ್ದರು. ಬದಲಿಗೆ ಬರಬೇಕಾದವರು ಸಂಜೆ ಪ್ಯಾಸೆಂಜರಿಗೆ ಬರುವವರಿದ್ದರು. ನಾನು ಜಾಗ ಬಿಟ್ಟರೆ ಆ ದಾರಿಯಲ್ಲಿ ಗಾಡಿಗಳು ಓಡುವಂತಿಲ್ಲ. ಚೌಡಮ್ಮನ ಕೈಯಲ್ಲಿ ಕಳಿಸೋಣ ಎಂದರೆ, ಹೊಲದ ಬದುಗಳ ಮೇಲೆ ನಡೆದು, ಘಾಟಿ ಕಡೆಯ ರಸ್ತೆ ಸೇರಿ, ಅಲ್ಲಿ ಬಸ್ಸಿಗೆ ಕಾಯಬೇಕು. ಆ ಬಿಸಿಲಿನಲ್ಲಿ ಮಗು ದಾರಿಯಲ್ಲೇ ಏನಾಗುತ್ತದೋ ಎಂಬ ಹೆದರಿಕೆ.

ದೊಡ್ಡಬಳ್ಳಾಪುರ ಸ್ಟೇಷನ್ನಿಗೆ ಫೋನ್ ಮಾಡಿದೆ. ಆ ಹೊತ್ತು ಅಲ್ಲಿದ್ದವನು ನನ್ನ ಜೊತೆಯಲ್ಲೇ ಟ್ರೈನಿಂಗ್ ಮುಗಿಸಿದ್ದ ಗೆಳೆಯ.

"ಗುರು, ಮಗೂಗೆ ವಾಂತಿ ಭೇದಿ. ಕಣ್ಣೇ ಬಿಡ್ತಿಲ್ಲ. ನಾನೊಬ್ನೇ ಇದೀನಿ. ನಿಮ್ಮೂರಲ್ಲಿ ಯಾರೋ ಮಕ್ಕಳ ಡಾಕ್ಟ್ರು ಇದಾರಂತಲ್ಲ, ಅವರ ಹತ್ರ ಔಷಧಿ ಇಸ್ಕೊಂಡು ಯಾವುದಾದ್ರೂ ಗಾಡೀಲಿ ಕಳಿಸೋಕಾಗುತ್ತಾ?"

"ಇರು, ಆಳು ಕಳಿಸ್ತೀನಿ. ಫೋನ್ ಹತ್ರಾನೇ ಇರು."

ಸ್ವಲ್ಪ ಹೊತ್ತಿಗೆ ಅವನು ಮತ್ತೆ ಫೋನ್ ಮಾಡಿದ.

"ಡಾಕ್ಟ್ರು ಔಷಧಿ ಕಳಿಸಲ್ವಂತೆ ಕಣೋ" ಎಂದ.

"ಯಾಕೋ?" ಎಂದೆ.

"ಮಗೂನ ನೋಡ್ದೆ ಔಷಧಿ ಕೊಡಲ್ಲ ಅಂದ್ರಂತೆ. ಅವರೇ ಬಂದು ನಿಂತವ್ರೆ ಇಲ್ಲಿ. ಒಂದು ಗೂಡ್ಸ್ ಇದೆ, ಕಂಟ್ರೋಲ್ ಆಫೀಸಿಗೆ ಹೇಳಿ ಒಪ್ಪಿಸಿದೀನಿ. ಗಾರ್ಡಿನ ಡಬ್ಬಿಲಿ ಕೂರಿಸಿ ಕಳಿಸ್ತೀನಿ, ನಿಲ್ಲಿಸಿ ಇಳಿಸ್ಕೋ."

ಗೂಡ್ಸ್ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ನಿಂತಾಗ ಗಾರ್ಡಿನ ಡಬ್ಬಿ ಪ್ಲಾಟ್‌ಫಾರಮ್ಮಿನಿಂದ ಬಹಳ ಹಿಂದೆ ಉಳಿದಿತ್ತು. ಬಿಳಿ ಅರ್ಧತೋಳಿನ ಶರ್ಟು, ಕಂದು ಪ್ಯಾಂಟು, ಕೈಯಲ್ಲಿ ಚರ್ಮದ ಚೀಲ; ಒಬ್ಬರು ಮೆಟ್ಟಿಲಿನಿಂದ ಜಲ್ಲಿಯ ಮೇಲೆ ಹಾರಿದರು. ಸ್ವಲ್ಪ ಸ್ಥೂಲ ಮೈ, ನಲವತ್ತು ದಾಟಿದ ವಯಸ್ಸು. ಜಲ್ಲಿಯ ಮೇಲೆ ಎಡವುತ್ತ, ಏದುಸಿರು ಬಿಡುತ್ತ ಓಡಿ ಬಂದರು. ನನ್ನನ್ನು ನೋಡಿ ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. "ಎಲ್ಲಿ ಮಗು?" ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮಕ್ಕಳ ಡಾಕ್ಟ್ರು ಅಂತಲೇ.

ಕ್ವಾರ್ಟರ್ಸಿನ ಚಾಪೆಯ ಮೇಲೆ ಮಲಗಿದ್ದ ಶಾರದೆಯ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಬಿಟ್ಟರು. ಅದು ಹಿಡಿದ ಹಾಗೆಯೇ ಮಡಿಚಿಕೊಂಡು ನಿಂತಿತು. ಡಾಕ್ಟ್ರು ನನ್ನ ಕಡೆ ನೋಡಲಿಲ್ಲ. ಮಗುವಿನ ಕಿವಿಯ ಹತ್ತಿರ ಬಗ್ಗಿ, "ಏನಮ್ಮಾ ತಾಯಿ, ಅಪ್ಪನ್ನ ಹೀಗಾ ಹೆದರಿಸೋದು? ಎದ್ದೇಳಮ್ಮಾ, ಯಾರು ಬಂದಿದಾರೆ ನೋಡು" ಎಂದು ಮಾತಾಡತೊಡಗಿದರು. ಮಾತು ಮಗುವಿನ ಜೊತೆ, ಕೈ ಚೀಲದಲ್ಲಿ. ಗ್ಲೂಕೋಸಿನ ಬಾಟಲಿ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದರು. ನರ ಹುಡುಕಿದರು, ಸಿಗಲಿಲ್ಲ. ಕೊನೆಗೆ ತೊಡೆಯ ಚರ್ಮದ ಕೆಳಗೇ ಸೂಜಿ ಹಾಕಿದರು. ಮಗು ಅದಕ್ಕೂ ಅಳಲಿಲ್ಲ. ಅಳಲಿ ದೇವರೇ, ಒಂದು ಸಲ ಅಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಒಳಲೆ ಇದೆಯೇನಮ್ಮಾ?" ಎಂದು ಚೌಡಮ್ಮನನ್ನು ಕೇಳಿದರು. ಮಕ್ಕಳಿಗೆ ಹಾಲು ಕುಡಿಸುವ ನಮ್ಮ ಬೆಳ್ಳಿಯ ಒಳಲೆ ಕೊಟ್ಟಳು. ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಕಲಸಿ, ನಾಲಿಗೆಯ ಮೇಲೆ ತೊಟ್ಟು ತೊಟ್ಟಾಗಿ ಬಿಡತೊಡಗಿದರು. ಕಕ್ಕಿತು. ಸ್ವಲ್ಪ ತಡೆದು ಮತ್ತೆ ಬಿಟ್ಟರು. ಮತ್ತೆ ಕಕ್ಕಿತು. ಅವರ ಮುಖದಲ್ಲಿ ಬೇಸರದ ಒಂದು ಗೆರೆಯೂ ಬರಲಿಲ್ಲ. "ಪರವಾಗಿಲ್ಲ ತಾಯಿ, ಇನ್ನೊಂದು ತೊಟ್ಟು. ನನಗೇನೂ ಬೇರೆ ಕೆಲಸ ಇಲ್ಲ" ಎಂದು ಮಗುವಿಗೇ ಹೇಳುತ್ತಿದ್ದರು.

ಆಫೀಸಿನಲ್ಲಿ ಗಂಟೆ ಹೊಡೆಯಿತು. ಪಕ್ಕದ ಸ್ಟೇಷನ್ನಿನವರು ಗಾಡಿಗೆ ದಾರಿ ಕೇಳುತ್ತಿದ್ದಾರೆ. ನಾನು ಕಾಲು ಕೀಳಲಾರದೆ ನಿಂತಿದ್ದೆ. ಡಾಕ್ಟ್ರು ತಲೆಯೆತ್ತಿ ಮೊದಲ ಸಲ ನನ್ನ ಮುಖ ನೋಡಿದರು.

"ನೀವು ಹೋಗಿ ರೈಲು ನೋಡ್ಕೊಳ್ಳಿ. ಆ ರೈಲಲ್ಲೂ ಮಕ್ಕಳಿರ್ತಾವೆ. ಈ ಮಗು ನನಗೆ ಬಿಡಿ."

ಆ ಮಧ್ಯಾಹ್ನವೆಲ್ಲ ನಾನು ಆಫೀಸಿಗೂ ಕ್ವಾರ್ಟರ್ಸಿಗೂ ಓಡಾಡಿದೆ. ಹೋದಾಗಲೆಲ್ಲ ಡಾಕ್ಟ್ರು ಅದೇ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಶಾರದೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಳಲೆ ಹಿಡಿದು ಕೂತಿದ್ದರು. ಚೌಡಮ್ಮ ಮಾಡಿಕೊಟ್ಟ ಮುದ್ದೆ ಊಟ ಪಕ್ಕದಲ್ಲಿ ಆರಿಹೋಗಿತ್ತು. "ಹೇಗಿದೆ ಸಾರ್?" ಎಂದರೆ, "ನೋಡೋಣ" ಎನ್ನುತ್ತಿದ್ದರು. ಆ ಮಾತಿನಲ್ಲಿ ಭರವಸೆಯೂ ಇರಲಿಲ್ಲ, ಇಲ್ಲ ಅನ್ನುವುದೂ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಿಲ್ಲದೆ ಹೋಗುವ ಒಂದು ಎಕ್ಸ್‌ಪ್ರೆಸ್ ಬರುವುದಿತ್ತು. ನಾನು ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಹಸಿರು ಬಾವುಟ ಹಿಡಿದು ನಿಂತೆ. ಇಂಜಿನ್ನು ಎದುರಿಗೆ ಬಂದುಬಿಟ್ಟಿತು. ಆಗ ಕ್ವಾರ್ಟರ್ಸಿನ ಬಾಗಿಲಿನಿಂದ ಡಾಕ್ಟ್ರು ಹೊರಗೆ ಓಡಿ ಬಂದದ್ದು ಕಾಣಿಸಿತು. ಕೈಯೆತ್ತಿ ಏನೋ ಕೂಗುತ್ತಿದ್ದರು. ಗಾಡಿಯ ಸದ್ದಿನಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ. ಮಗು ಹೋಯಿತು ಎಂದೇ ನಾನು ತಿಳಿದೆ. ಡಬ್ಬಿಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಬಾವುಟ ಇಳಿಸುವಂತಿಲ್ಲ, ತಿರುಗಿ ಓಡುವಂತಿಲ್ಲ. ಡಾಕ್ಟ್ರು ಇನ್ನೂ ಹತ್ತಿರ ಬಂದರು. ಅವರು ನಗುತ್ತಿದ್ದರು. ತಮ್ಮ ಪ್ಯಾಂಟನ್ನು ಎರಡೂ ಕೈಯಿಂದ ಹಿಡಿದು ತೋರಿಸುತ್ತಿದ್ದರು. ತೊಡೆಯ ಮೇಲೆ ದೊಡ್ಡದಾಗಿ ಒದ್ದೆಯಾಗಿತ್ತು.

ಕೊನೆಯ ಡಬ್ಬಿ ಹೋದ ಮೇಲೆ ಅವರ ದನಿ ಕೇಳಿಸಿತು.

"ಉಚ್ಚೆ ಹೊಯ್ದಳು ಕಣ್ರೀ! ನಿಮ್ಮ ಮಗಳು ಉಚ್ಚೆ ಹೊಯ್ದಳು! ಮೈಗೆ ನೀರು ಹಿಡೀತು, ಬದುಕ್ಕೊಂಡಳು!"

ನನ್ನ ಕೈಯ ಬಾವುಟ ಇನ್ನೂ ಚಾಚಿಕೊಂಡೇ ಇತ್ತು. ಹಾಗೆ ನಿಂತು ಮಕ್ಕಳ ಹಾಗೆ ಅತ್ತುಬಿಟ್ಟೆ. ಹೆಂಡತಿ ಸತ್ತಾಗ ಕೂಡ ನಾನು ಹಾಗೆ ಅತ್ತಿರಲಿಲ್ಲ. ಡಾಕ್ಟ್ರು ಹತ್ತಿರ ಬಂದು ಬಾವುಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡರು.  ಒಳಗಿನಿಂದ ಶಾರದೆಯ ಅಳು ಸಣ್ಣಗೆ ಕೇಳಿಸತೊಡಗಿತು.

ಅಷ್ಟರಲ್ಲಿ ಇನ್ನೊಂದು ನಡೆದಿತ್ತು. ಮಕ್ಕಳ ಡಾಕ್ಟ್ರು ಸ್ಟೇಷನ್ನಿಗೆ ಬಂದಿದ್ದಾರೆ ಎಂಬ ಸುದ್ದಿ ಹೊಲಗಳಲ್ಲಿ ಹರಡಿ, ಕೂಸುಗಳನ್ನು ಸೊಂಟದ ಮೇಲೆ ಹೊತ್ತ ಹೆಂಗಸರು ಪ್ಲಾಟ್‌ಫಾರಮ್ಮಿನ ಹೊಂಗೆ ಮರದ ಕೆಳಗೆ ಬಂದು ಕೂತಿದ್ದರು. ಡಾಕ್ಟ್ರು ಒದ್ದೆ ಪ್ಯಾಂಟಿನಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಮಗುವನ್ನು ನೋಡಿದರು. ಸಂಜೆಯ ಪ್ಯಾಸೆಂಜರ್ ಬಂದಾಗಲೂ ಕೆಲವರು ಉಳಿದಿದ್ದರು. ಗಾಡಿಯ ಬಾಗಿಲಲ್ಲಿ ನಿಂತು ಅವರಿಗೆ ಹೇಳಿದರು: "ಭಾನುವಾರ ಬರ್ತೀನಿ. ಎಲ್ಲೂ ಹೋಗ್ಬೇಡಿ, ಇಲ್ಲೇ ಬನ್ನಿ."

ಬಂದರು. ಆ ಭಾನುವಾರ ಬಂದವರು ಮುಂದೆ ವರ್ಷಗಟ್ಟಲೆ ಬಂದರು. ಬೆಳಗಿನ ಗಾಡಿಗೆ ಇಳಿಯುವುದು, ಸಂಜೆಯ ಗಾಡಿಗೆ ಹತ್ತುವುದು. ಹೊಂಗೆಯ ಕೊಂಬೆಗೆ ತಕ್ಕಡಿ ಕಟ್ಟಿ, ಬಟ್ಟೆಯ ಜೋಳಿಗೆಯಲ್ಲಿ ಮಕ್ಕಳನ್ನು ಕೂರಿಸಿ ತೂಗುತ್ತಿದ್ದರು. ಕೂಸಿಗೆ ಉಣಿಸುವ ರಾಗಿ ಸರಿ ಮಾಡುವುದು, ನೀರು ಕಾಯಿಸುವುದು, ಭೇದಿಯಾದರೆ ಹಾಲು ನೀರು ನಿಲ್ಲಿಸಬಾರದು ಅನ್ನುವುದು, ಹೀಗೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಸಿಡುಬಿನ ಲಸಿಕೆ ಹಾಕುವವರು ಬಂದರೆ ಹೊಲಕ್ಕೆ ಓಡಿಹೋಗುತ್ತಿದ್ದ ತಾಯಂದಿರು ಇವರ ಮಾತಿಗೆ ತೋಳು ಚಾಚಿದರು. ಯಾರ ಕೈಯಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಮಾತ್ರ ಯಾರಾದರೂ ಬೇಯಿಸಿದ ಅವರೆಕಾಯಿ ತಂದರೆ, ಬೇಡ ಅನ್ನಲಾರದೆ ಬೆಂಚಿನ ಮೇಲೆ ಕೂತು ಸುಲಿದು ತಿನ್ನುತ್ತಿದ್ದರು. ಬೇರೆ ದಿನಗಳಲ್ಲಿ ಶಾಪು ಮುಚ್ಚಿದ ಮೇಲೆ ಸ್ಕೂಟರಿನಲ್ಲಿ ರಾಜಘಟ್ಟದ ಕಡೆಯ ಹಳ್ಳಿಗಳಿಗೂ ಹೋಗುತ್ತಾರೆಂದು ಕೇಳಿದ್ದೆ. ಡಾಕ್ಟರ ಕ್ಲಿನಿಕ್ಕನ್ನು ನಮ್ಮ ಕಡೆ ಶಾಪು ಎಂದೇ ಕರೆಯುವುದು.

ಎಲ್ಲ ಮಕ್ಕಳೂ ಉಳಿಯಲಿಲ್ಲ. ಒಂದು ಭಾನುವಾರ ಬಹಳ ದೂರದಿಂದ ನಡೆದು ಬಂದ ಹೆಂಗಸೊಬ್ಬಳು ಸೆರಗಿನಲ್ಲಿ ಸುತ್ತಿದ್ದ ಕೂಸನ್ನು ಬಿಚ್ಚಿ ಅವರ ಮುಂದಿಟ್ಟಳು. ಗಂಟಲು ಕಟ್ಟಿ ಉಸಿರು ಎಳೆಯುತ್ತಿತ್ತು. ಡಾಕ್ಟ್ರು ಏನು ಮಾಡಿದರೂ ಆ ಕೂಸು ಬೆಂಚಿನ ಮೇಲೆಯೇ ಹೋಯಿತು. ಹೆಂಗಸು ಮತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಡಾಕ್ಟರಿಗೆ ಕೈಮುಗಿದು, ಬಂದ ದಾರಿಯಲ್ಲೇ ಹೊರಟುಹೋದಳು. ಆಮೇಲೆ ನಾನು ಕೊಟ್ಟ ಕಾಫಿಯನ್ನು ಡಾಕ್ಟ್ರು ಕೈಯಲ್ಲಿ ಹಿಡಿದೇ ಕೂತಿದ್ದರು.

"ಕೈ ಮುಗಿದು ಹೋದ್ಲು ಕಣ್ರೀ" ಎಂದರು. "ಬೈದು ಹೋಗಿದ್ರೆ ಚೆನ್ನಾಗಿತ್ತು."

ಆ ಬೇಸಿಗೆಯಲ್ಲೇ ಶಾರದೆಯ ಕಾಯಿಲೆಯ ಸುದ್ದಿ ತಿಳಿದು ಸೂಲಿಬೆಲೆಯಿಂದ ನನ್ನ ಭಾಮೈದ ಬಂದ. ಹೆಂಡತಿಯ ತಮ್ಮ, ಹಸು ಸಾಕಿ ಹಾಲು ಹಾಕುವವನು, ಒಳ್ಳೆಯ ಮನುಷ್ಯ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ:

"ಭಾವ, ಬೇಜಾರು ಮಾಡ್ಕೋಬೇಡಿ. ನೀವೊಬ್ರೇ ಗಂಡಸು, ಈ ಕಾಡಲ್ಲಿ ಕೂಸು ಹೆಂಗೆ ಸಾಕ್ತೀರಾ? ನಮ್ಗೆ ಕೊಟ್ಬಿಡಿ. ಮನೇಲಿ ಹೆಂಗಸ್ರವ್ರೆ, ಹಾಲೈತೆ. ನೀವು ತಿಂಗಳಿಗೊಂದ್ಸಲ ಬಂದು ನೋಡ್ಕೊಂಡು ಹೋಗಿ. ನಿಮಗೂ ವಯಸ್ಸಿನ್ನೂ ಐತೆ."

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.  ಯೋಚನೆ ಮಾಡಿ ಹೇಳ್ತೀನಿ ಎಂದು ಕಳಿಸಿದೆ. ಮುಂದಿನ ಭಾನುವಾರ ಹೆಂಗಸರೆಲ್ಲ ಹೋದ ಮೇಲೆ ಅದನ್ನೆಲ್ಲ ಹೇಳಿ ಡಾಕ್ಟರನ್ನೇ ಕೇಳಿದೆ. ಕಳಿಸಿಕೊಡಿ ಅಂದುಬಿಟ್ಟರೆ ಕಳಿಸುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅವರು ಕೊಂಬೆಯಿಂದ ತಕ್ಕಡಿ ಬಿಚ್ಚಿ ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತರು.

"ಡಾಕ್ಟ್ರಾಗಿ ಹೇಳೋದಾದ್ರೆ ಕಳಿಸಿಬಿಡಿ. ಹಾಲು, ಹೆಂಗಸರ ಕೈ, ಎಲ್ಲ ಇರುತ್ತೆ. ಮಗು ಚೆನ್ನಾಗಿ ಬೆಳೆಯುತ್ತೆ" ಎಂದರು. ಆಮೇಲೆ, "ನಿಮಗೆ ನನ್ನ ಮನೆ ವಿಷಯ ಗೊತ್ತಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅವರು ಶಾಪಿನ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ಇರುತ್ತಾರೆ ಎಂದಷ್ಟೇ ಕೇಳಿದ್ದೆ.

"ಹೆಂಡತಿ, ಮಗಳು, ಮಗ ಬೆಂಗಳೂರಲ್ಲಿದ್ದಾರೆ. ಮಕ್ಕಳ ಸ್ಕೂಲಿಗೆ ಅಂತ ಹೋದ್ರು. ನಾನೂ ಹೋಗ್ಬೇಕು ಅಂತಾನೇ ಇತ್ತು. ಆದ್ರೆ ಈ ಕಡೆ ಮಕ್ಕಳಿಗೆ ಅಂತ ಇನ್ನೊಬ್ಬ ಡಾಕ್ಟ್ರು ಇಲ್ಲ. ಇವತ್ತು ಹೋಗೋಣ ಅಂದ್ರೆ ಯಾವುದೋ ಮಗೂಗೆ ಜ್ವರ, ನಾಳೆ ಅಂದ್ರೆ ಇನ್ನೊಂದು. ತಿಂಗಳಿಗೊಂದ್ಸಲ ಹೋಗಿ ನೋಡ್ಕೊಂಡು ಬರೋದು. ನಿಮ್ಮ ಭಾಮೈದ ಹೇಳಿದ್ನಲ್ಲ, ಹಾಗೆ." ಸ್ವಲ್ಪ ನಕ್ಕರು. "ಹೋದ ಸಲ ಹೋದಾಗ ಮಗಳು ಬಾಗಿಲು ತೆಗೆದಳು. ಒಳಗೆ ತಿರುಗಿ, 'ಅಮ್ಮಾ, ಡಾಕ್ಟ್ರು ಬಂದಿದಾರೆ' ಅಂತ ಕೂಗಿದಳು. ತಮಾಷೆಗೇ ಅಂದಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ."

ಕರ್ಚೀಫಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು.

"ಅಲ್ಲಿ ನನಗೆ ಒಳ್ಳೆ ಕುರ್ಚಿ ಕೊಡ್ತಾರೆ. ಕಾಫಿ ಕೊಡ್ತಾರೆ. ಏನು ಮಾತಾಡ್ಬೇಕು ಅಂತ ನನಗೆ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ. ಇಲ್ಲಿಗೆ ಬಂದ್ರೆ ಮಾತು ತಾನಾಗೇ ಬರುತ್ತೆ. ನೀವು ತಿಳ್ಕೊಂಡಿರಬಹುದು, ಏನು ಸೇವೆ ಮಾಡ್ತಾರಪ್ಪ ಅಂತ." ಎದ್ದು ಚೀಲ ತೆಗೆದುಕೊಂಡರು. "ಇನ್ನು ಮಗು ವಿಷಯ. ಅದು ನಿಮಗೆ ಬಿಟ್ಟಿದ್ದು."

ಮುಂದಿನ ವಾರ ಭಾಮೈದನಿಗೆ ಮಗು ಕೊಡುವುದಿಲ್ಲ ಎಂದೆ. ಅವನಿಗೆ ಬಹಳ ಸಿಟ್ಟು ಬಂತು. "ನನ್ನಕ್ಕನ ಮಗಳಿಗೆ ನಾವು ಬ್ಯಾಡ್ವಾ?" ಎಂದು ಕೇಳಿ, ನೀರು ಕೂಡ ಕುಡಿಯದೆ ಹೋದ. ಇನ್ನು ಆ ಬಾಗಿಲು ಮುಚ್ಚಿತು ಎಂದುಕೊಂಡೆ. ಆದರೆ ಮಳೆಗಾಲ ಹಿಡಿಯುವ ಮುಂಚೆ ಒಂದು ದಿನ ಹಸು, ಕರುವನ್ನು ರಸ್ತೆಯವರೆಗೆ ಲಾರಿಯಲ್ಲಿ ತಂದು, ಅಲ್ಲಿಂದ ಹೊಡೆದುಕೊಂಡು ಬಂದ. "ಕೊಡಲ್ಲ ಅಂದ್ರೆ ಬಿಡಿ ಭಾವ. ಹಾಲಾದ್ರೂ ಸರಿಯಾಗಿ ಕುಡೀಲಿ" ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟ.

ಅವ್ವ ವಾಪಸು ಬಂದಳು, ಒಂದೆರಡು ವರ್ಷ ಇದ್ದಳು, ಆಮೇಲೆ ಅವಳೂ ತೀರಿಕೊಂಡಳು. ನಾನು ಮತ್ತೆ ಮದುವೆಯಾಗಲಿಲ್ಲ. ಶಾರದೆ ಸ್ಟೇಷನ್ನಿನ ಗಂಟೆಯ ಸದ್ದಿನಲ್ಲೇ ಬೆಳೆದಳು. ಕಷ್ಟದ ದಿನಗಳೇ ಅವು. ಜಡೆ ಹಾಕಲು ಬಾರದೆ ಚೌಡಮ್ಮನ ಬಾಗಿಲಿಗೆ ಹೋಗಿ ನಿಂತದ್ದುಂಟು. ಮಗು ನಿದ್ದೆ ಹೋದ ಮೇಲೆ ಮಾತಾಡಲು ಯಾರೂ ಇಲ್ಲದೆ ಬೆಟ್ಟ ನೋಡುತ್ತ ಕೂತದ್ದುಂಟು. ಆದರೆ ನಾನು ಡ್ಯೂಟಿ ಮುಗಿಸಿ ಬಂದರೆ "ಅಪ್ಪಾ" ಎಂದು ಓಡಿ ಬಂದು ಕಾಲು ಕಟ್ಟಿಕೊಳ್ಳುವುದೊಂದಿತ್ತು. ಭಾನುವಾರ ಬಂತೆಂದರೆ ಅವಳು ಡಾಕ್ಟರಿಗಾಗಿ ಬೆಳಗಿನಿಂದಲೇ ಕಾಯುತ್ತಿದ್ದಳು. ಅವರು ಗಾಡಿಯಿಂದ ಇಳಿಯುತ್ತಿದ್ದಂತೆ ನೇರವಾಗಿ ಅವರ ಜೇಬಿಗೆ ಕೈ ಹಾಕಿ ಪೆಪ್ಪರ್‌ಮೆಂಟ್ ತೆಗೆಯುತ್ತಿದ್ದಳು.

ಎಪ್ಪತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಒಂದು ಭಾನುವಾರ ಡಾಕ್ಟರ ಹಿಂದೆ ಒಬ್ಬಳು ಹುಡುಗಿ ಗಾಡಿಯಿಂದ ಇಳಿದಳು. ಹತ್ತಿಯ ಸೀರೆ, ಉದ್ದ ಜಡೆ, ಕನ್ನಡಕ. "ನನ್ನ ಮಗಳು. ಕಾಲೇಜಿಗೆ ರಜಾ. ನೀವು ಭಾನುವಾರ ಎಲ್ಲಿ ಹೋಗ್ತೀರೋ ನೋಡ್ಬೇಕು ಅಂದಳು, ಕರ್ಕೊಂಡು ಬಂದೆ" ಎಂದರು ಡಾಕ್ಟ್ರು. ಅವರ ದನಿಯಲ್ಲಿ ಏನೋ ಹೆದರಿಕೆ ಇತ್ತು. ಅಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಹುಡುಗಿ ಬೆಂಚಿನ ತುದಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಡಾಕ್ಟ್ರು ಎಂದಿನಂತೆ ಕೂಸುಗಳನ್ನು ಮಾತಾಡಿಸತೊಡಗಿದರು. "ಓಹೋ, ಗೌಡ್ರು ಬಂದ್ಬಿಟ್ರಾ? ಏನ್ ಸ್ವಾಮಿ, ಹೋದ ವಾರಕ್ಕಿಂತ ದಪ್ಪ ಆಗಿದೀರಲ್ಲ, ಮನೇಲಿ ಏನು ವಿಶೇಷ?" ಹೆಂಗಸರೆಲ್ಲ ನಗುತ್ತಿದ್ದರು. ಶಾರದೆ ಅವರ ಬೆನ್ನಿಗೆ ಜೋತುಬಿದ್ದು ಹೆಗಲ ಮೇಲಿಂದ ಇಣುಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು, ತಾನೇ ಹೋಗಿ ತಕ್ಕಡಿಯ ಜೋಳಿಗೆ ಹಿಡಿದು ನಿಂತಳು. ಮಕ್ಕಳನ್ನು ಕೂರಿಸಿ ಇಳಿಸಿ ಮಾಡಿದಳು. ಒಳ್ಳೆಯ ಕೈ ಅವಳದು, ಒಂದು ಮಗುವೂ ಅಳಲಿಲ್ಲ.

ಮಧ್ಯಾಹ್ನ ನಾನು ಊಟಕ್ಕೆ ಕರೆಯಲು ಹೋದಾಗ ಮೆಲ್ಲಗೆ ಕೇಳಿದಳು.

"ಅಂಕಲ್, ಅಪ್ಪ ಇಲ್ಲಿ ಯಾವಾಗ್ಲೂ ಇಷ್ಟು ಮಾತಾಡ್ತಾರಾ?"

"ಹೂಂನಮ್ಮಾ" ಎಂದೆ. ಅದಕ್ಕಿಂತ ಬೇರೆ ಉತ್ತರ ಕೊಡಬೇಕಿತ್ತೇನೋ, ಇವತ್ತಿಗೂ ತಿಳಿಯದು.

ಅವಳು ಶಾರದೆಯ ಕಡೆ ನೋಡಿದಳು. ಶಾರದೆ ಆಗ ಡಾಕ್ಟರ ಜೇಬನ್ನು ಹೊರಗೆಳೆದು ಪೂರ್ತಿ ಖಾಲಿಯಾಗಿದೆಯಾ ಎಂದು ಪರೀಕ್ಷೆ ಮಾಡುತ್ತಿದ್ದಳು. ಡಾಕ್ಟ್ರು ಕೈಗಳನ್ನು ಮೇಲೆತ್ತಿ ಕಳ್ಳನ ಹಾಗೆ ನಿಂತಿದ್ದರು.

"ಎಷ್ಟು ಸಲೀಸಾಗಿ ಕೈ ಹಾಕ್ತಾಳೆ" ಎಂದಳು ಹುಡುಗಿ. ಅಸೂಯೆಯಿಂದಲ್ಲ. ಬೇರೆ ಊರಿನ ಪದ್ಧತಿ ನೋಡುವವರ ಹಾಗೆ ನೋಡುತ್ತಿದ್ದಳು.

ಸಂಜೆ ಗಾಡಿಗೆ ಕಾಯುವಾಗ ಅಪ್ಪ ಮಗಳು ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ನಡುವೆ ಚೀಲ. ಬೆಳಗಿನಿಂದ ಅಷ್ಟು ಮಾತಾಡಿದ್ದ ಡಾಕ್ಟರ ಬಾಯಿ ಕಟ್ಟಿಹೋಗಿತ್ತು.

"ಬೇಜಾರಾಯ್ತೇನಮ್ಮಾ?" ಎಂದು ಕೇಳಿದರು.

"ಇಲ್ಲಪ್ಪ."

"ಬಿಸಿಲು ಜಾಸ್ತಿ ಇತ್ತು."

"ಪರವಾಗಿಲ್ಲಪ್ಪ."

ಅಷ್ಟೇ. ಗಾಡಿ ಬಂತು. ಹತ್ತಿದರು. ನಾನು ಬಾವುಟ ತೋರಿಸುವಾಗ ಕಿಟಕಿಯಲ್ಲಿ ಇಬ್ಬರೂ ಎದುರು ಬದುರು ಕೂತದ್ದು ಕಾಣಿಸಿತು. ಹುಡುಗಿ ಮುಂದಕ್ಕೆ ಬಗ್ಗಿ ಅಪ್ಪನಿಗೆ ಏನೋ ಹೇಳಲು ಶುರುಮಾಡಿದ್ದಳು. ಡಾಕ್ಟ್ರು ಕೇಳಿಸಿಕೊಳ್ಳಲು ಕಿವಿಯನ್ನು ಅವಳ ಹತ್ತಿರ ತಂದರು. ಅಷ್ಟರಲ್ಲಿ ಗಾಡಿ ಮುಂದೆ ಹೋಯಿತು. ಅವಳು ಏನು ಹೇಳಿದಳೋ ನನಗೆ ಗೊತ್ತಾಗಲಿಲ್ಲ. ಮುಂದಿನ ಭಾನುವಾರ ಡಾಕ್ಟ್ರು ಬಂದರು, ಅದರ ಮುಂದಿನದಕ್ಕೂ ಬಂದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುಡುಗಿ ಮತ್ತೆ ಬರಲಿಲ್ಲ.

ಅದಾದ ಕೆಲವೇ ತಿಂಗಳಿಗೆ ನನಗೆ ಹುಬ್ಬಳ್ಳಿಯ ಕಡೆಗೆ ವರ್ಗವಾಯಿತು. ಹೊರಡುವ ದಿನ ಡಾಕ್ಟ್ರು ದೊಡ್ಡಬಳ್ಳಾಪುರ ಸ್ಟೇಷನ್ನಿಗೆ ಬಂದಿದ್ದರು. ಶಾರದೆಯ ಕೈತುಂಬ ಪೆಪ್ಪರ್‌ಮೆಂಟ್ ಕೊಟ್ಟು, "ಅಪ್ಪನ್ನ ನೋಡ್ಕೋಮ್ಮಾ" ಎಂದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಷ್ಟೋ ದಿನ ಕಳೆದ ಮೇಲೆ. ಶಾಪಿನಲ್ಲಿ ಯಾವುದೋ ಮಗುವನ್ನು ನೋಡುತ್ತಿದ್ದಾಗಲೇ ಎದೆನೋವು ಬಂದು ಕುಸಿದರಂತೆ. ಬೆಂಗಳೂರಿನಿಂದ ಮನೆಯವರು ಬರುವ ಹೊತ್ತಿಗೆ ಬೀದಿಯ ತುಂಬ ಜನ ಸೇರಿದ್ದರಂತೆ. ಸ್ವಂತ ಹೆಂಡತಿ ಮಕ್ಕಳಿಗೆ ಒಳಗೆ ಹೋಗಲು ದಾರಿ ಬಿಡಿಸಬೇಕಾಯಿತಂತೆ. ನನ್ನ ಗೆಳೆಯ ಇದನ್ನು ಹೆಮ್ಮೆಯಿಂದ ಹೇಳಿದ. ಎಂಥಾ ಮನುಷ್ಯ ನೋಡು ಅಂದ. ನನಗೆ ಮಾತ್ರ ಆ ಜನರ ಹಿಂದೆ ನಿಂತು "ಸ್ವಲ್ಪ ದಾರಿ ಬಿಡಿ, ನಾನು ಅವರ ಮಗಳು" ಎಂದು ಹೇಳುತ್ತಿರುವ ಕನ್ನಡಕದ ಹುಡುಗಿಯೇ ಕಣ್ಣಿಗೆ ಕಟ್ಟಿತು.

ಈಗ ನನಗೆ ವಯಸ್ಸಾಗಿದೆ. ಶಾರದೆ ನನ್ನ ಜೊತೆಯಲ್ಲೇ ಇದ್ದಾಳೆ, ಜಗಳವಾಡುತ್ತಾಳೆ, ಔಷಧಿ ಮರೆತರೆ ಗದರುತ್ತಾಳೆ. ಅವಳು ಬದುಕಿದ್ದು ಆ ಡಾಕ್ಟರಿಂದ, ನನ್ನ ಹತ್ತಿರವೇ ಉಳಿದದ್ದೂ ಅವರಿಂದ. ಅದನ್ನು ನಾನು ಒಂದು ದಿನವೂ ಮರೆತಿಲ್ಲ. ಆದರೆ ಅವರು ನಮಗೆ ಕೊಟ್ಟ ಭಾನುವಾರಗಳು ನಿಜವಾಗಿ ಇನ್ನಿಬ್ಬರು ಮಕ್ಕಳ ಪಾಲಿನವು ಎನ್ನುವುದೂ ನನಗೆ ಗೊತ್ತು. ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ದೇವರ ಮುಂದೆ ಡಾಕ್ಟರನ್ನು ನೆನೆದು ಕೈಮುಗಿಯುವಾಗಲೆಲ್ಲ ಆ ಹುಡುಗಿಗೂ, ನಾನು ಮುಖ ಕಾಣದ ಅವಳ ತಮ್ಮನಿಗೂ ಸೇರಿಸಿಯೇ ಮುಗಿಯುತ್ತೇನೆ.